ಮಂಗ್ಳೂರು ಸಿಟಿ ಬಸ್ಸು: ಓಡಾಟಕ್ಕೆ 4 ಸ್ಟಾರ್, ನಮ್ಮ ಮಾತು ಕೇಳುವುದಕ್ಕೆ 2

12 ವರ್ಷದಿಂದ ದಿನಾ ಎರಡು ಸರ್ತಿ ಸಿಟಿ ಬಸ್ಸಲ್ಲೇ ಹೋಗಿ ಬರುವವಳು ನಾನು, ಹಂಪನಕಟ್ಟೆಯಲ್ಲಿ ಅಂಗಡಿ ಕೆಲಸ. ಮೊದಲು ಒಳ್ಳೇದು ಹೇಳ್ತೇನೆ, ಯಾಕಂದ್ರೆ ಒಳ್ಳೇದು ತುಂಬಾ ಉಂಟು. ಬೆಳಿಗ್ಗೆ ಹೊತ್ತಲ್ಲಿ ಜ್ಯೋತಿ, ಕಂಕನಾಡಿ, ಲಾಲ್‌ಬಾಗ್ ಕಡೆ ನಿಂತ್ರೆ ಐದತ್ತು ನಿಮಿಷದೊಳಗೆ ಯಾವುದಾದ್ರೂ ಒಂದು ಬಸ್ಸು ಬಂದೇ ಬರ್ತದೆ, ಕಂಡಕ್ಟರ್ ಫುಟ್‌ಬೋರ್ಡಲ್ಲಿ ನಿಂತು ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಅಂತ ಸಿಟಿ ಬಸ್‌ಸ್ಟ್ಯಾಂಡಿನ ಹೆಸರು ಕರೀತಾ ಇರ್ತಾರೆ, ಬೋರ್ಡ್ ಓದ್ಲಿಕ್ಕೆ ಬಾರದ ಅಜ್ಜಿಯೂ ಸರಿಯಾದ ಬಸ್ಸೇ ಹತ್ತುತ್ತಾರೆ. ಮೀನಿನ ಬುಟ್ಟಿ ಇಟ್ಕೊಂಡವರಿಗೂ ಜಾಗ ಮಾಡಿ ಕೊಡ್ತಾರೆ. ಈಗ ನಗದಿನ ಬದಲು ಟಿಕೆಟಿಗೆ ಕೊಡುವ ಚಲೋ ಕಾರ್ಡ್ ಬಂದ ಮೇಲೆ ಚಿಲ್ಲರೆ ಜಗಳವೂ ಕಡಿಮೆ ಆಗಿದೆ. ಇದೆಲ್ಲ ಪ್ರೈವೇಟ್ ಬಸ್ಸಿನವರು ಇಷ್ಟು ವರ್ಷ ಕಟ್ಟಿಕೊಂಡು ಬಂದ ವ್ಯವಸ್ಥೆ, ಅದಕ್ಕೆ ನಂಗೆ ನಿಜವಾಗಿ ಗೌರವ ಉಂಟು.

ಆದ್ರೆ ರೇಸ್. ಎದುರಿಗಿನ ಬಸ್ಸನ್ನು ಹಿಡಿಯಬೇಕು, ಹಿಂದಿನವನಿಗೆ ಜನ ಸಿಗಬಾರದು. ಒಂದು ಕಾಲು ಮೇಲಿಟ್ಟಾಗಲೇ ವಿಸಿಲ್ ಬೀಳ್ತದೆ, ಒಳಗೆ ಹೋದ್ರೆ ತುಳುವಲ್ಲಿ ದುಂಬು ಪೋಲೆ ದುಂಬು ಪೋಲೆ, ಅಂದ್ರೆ ಮುಂದೆ ಹೋಗಿ ಅಂತ. ಮಳೆಗಾಲದಲ್ಲಿ ಟರ್ಪಾಲ್ ಇಳಿಸಿದ ಮೇಲೆ ಒಳಗೆ ಕತ್ತಲೆ, ಸೆಖೆ, ಯಾವ ಸ್ಟಾಪ್ ಬಂತು ಅಂತಲೂ ಗೊತ್ತಾಗುವುದಿಲ್ಲ. ಡ್ರೈವರನ್ನೇ ಬೈದು ಪ್ರಯೋಜನ ಇಲ್ಲ ಮಾರಾಯ್ರೆ, ಕಲೆಕ್ಷನ್ ನೋಡಿ ಭತ್ಯೆ ಕೊಡುವ ಕಡೆ ಎರಡು ನಿಮಿಷ ಲೇಟಾದ್ರೆ ಅವರ ಕೈಯಿಂದ್ಲೇ ಹೋಗ್ತದೆ. ಸಂಬಳ ಸರಿ ಮಾಡದೆ ಸ್ಪೀಡ್ ಕಡಿಮೆ ಮಾಡಿ ಅಂತ ಹೇಳುವುದು ಅರ್ಧ ಮಾತು ಅಂತ ನನ್ನ ಅಭಿಪ್ರಾಯ.

ನಾನು ಈ ರಿವ್ಯೂ ಬರೀಲಿಕ್ಕೆ ಕಾರಣ ಬೇರೆ. ನಮ್ಮ ಕಡೆಗೆ ರಾತ್ರಿ 8.40ಕ್ಕೆ ಒಂದು ಲಾಸ್ಟ್ ಟ್ರಿಪ್ ಇತ್ತು. ಬಸ್ಸಿನ ಹೆಸರು, ಏರಿಯಾದ ಹೆಸರು ಇಲ್ಲಿ ಬೇಡ. ಜನ ಕಡಿಮೆ ಅಂತ ಆ ಟ್ರಿಪ್ ಆಗಾಗ ಕಟ್ ಮಾಡ್ಲಿಕ್ಕೆ ಶುರು ಮಾಡಿದ್ರು. ನಾವು ಅಂಗಡಿ, ಆಸ್ಪತ್ರೆ, ಹೋಟೆಲ್ ಕೆಲಸದ 7-8 ಹೆಂಗಸರು ಸ್ಟಾಪಲ್ಲಿ ಕಾದು ಕಾದು ಕೊನೆಗೆ ದುಡ್ಡು ಒಟ್ಟು ಮಾಡಿ ಆಟೋ ಹಿಡಿಯುವುದು, ತಿಂಗಳ ಕೊನೆಯಲ್ಲಿ ಅದೂ ಆಗದೆ ನಡ್ಕೊಂಡೇ ಹೋಗುವುದು. ಕಂಡಕ್ಟರ್ ಹತ್ರ ಕೇಳಿದ್ರೆ ಓನರ್ ಹೇಳಿದ್ದು ಅಕ್ಕ ಅಂತಾರೆ, ಓನರಿಗೆ ಫೋನ್ ಮಾಡಿದ್ರೆ ನಾಳೆ ಕಳಿಸ್ತೇವೆ ಅಂತಾರೆ.

ನಮ್ಮಲ್ಲಿ ಒಬ್ರು ನರ್ಸಕ್ಕ ಇದ್ದಾರೆ, ಅವರೇ ಹೇಳಿದ್ದು, ಸಿಟ್ಟಲ್ಲಿ ಮಾತಾಡಿದ್ರೆ ಯಾರಿಗೂ ನೆನಪಿರುವುದಿಲ್ಲ, ಬರೆದಿಡುವ ಅಂತ. ಒಂದು ಸಣ್ಣ ನೋಟ್‌ಬುಕ್ ಮಾಡಿದ್ವಿ. ತಾರೀಕು, ಬಸ್ಸು ಬಂತಾ ಇಲ್ವಾ, ಬಂದ್ರೆ ಎಷ್ಟು ಗಂಟೆಗೆ, ಸ್ಟಾಪಲ್ಲಿ ಎಷ್ಟು ಜನ ಇದ್ರು, ಇಷ್ಟೇ. 3 ವಾರದಲ್ಲಿ 18 ದಿನ ಬರೆದಿದ್ವಿ, ಅದರಲ್ಲಿ 11 ದಿನ ಬಸ್ಸೇ ಇಲ್ಲ. ಬರೆಯುವಾಗ ನಮಗೇ ಗೊತ್ತಿಲ್ಲದ ಒಂದು ವಿಷಯ ಗೊತ್ತಾಯ್ತು, ಜನ ಇಲ್ಲ ಅನ್ನುವುದು ಪೂರ್ತಿ ಸತ್ಯ ಅಲ್ಲ. ಬಸ್ಸು ಬರುವ ಗ್ಯಾರಂಟಿ ಇಲ್ಲ ಅಂತ ಸುಮಾರು ಜನ ಆ ಸ್ಟಾಪಿಗೆ ಬರುವುದನ್ನೇ ಬಿಟ್ಟಿದ್ರು.

ಆಮೇಲೆ ಒಂದು ಅರ್ಜಿ, 43 ಸಹಿ, ನೋಟ್‌ಬುಕ್ಕಿನ ಜೆರಾಕ್ಸ್, ಬಸ್ಸಿನ ನಂಬರು, ಎಲ್ಲ ಸೇರಿಸಿ ಆರ್‌ಟಿಎಗೆ, ಅಂದ್ರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ, ಕೊಟ್ವಿ. ಸುಮಾರು ಜನರಿಗೆ ಇದು ಗೊತ್ತಿಲ್ಲ, ಸಿಟಿ ಬಸ್ಸಿನ ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಈ ಪ್ರಾಧಿಕಾರ, ಆರ್‌ಟಿಒ ಅದರ ಕಾರ್ಯದರ್ಶಿ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ದಿನಕ್ಕೆ ಕಡಿಮೆ ಅಂದ್ರೆ ಎಷ್ಟು ಟ್ರಿಪ್, ಯಾವ ಟೈಮಿಗೆ ಅನ್ನುವುದನ್ನು ಪರ್ಮಿಟ್ಟಿನಲ್ಲೇ ಷರತ್ತಾಗಿ ಹಾಕ್ಬಹುದು, ಟೈಮ್ ಟೇಬಲನ್ನು ಬಸ್ಸಲ್ಲಿ, ಸ್ಟ್ಯಾಂಡಲ್ಲಿ ಹಾಕಿಸಬಹುದು. ಷರತ್ತು ಮುರಿದ್ರೆ 86ನೇ ಸೆಕ್ಷನಲ್ಲಿ ಪರ್ಮಿಟ್ ಸಸ್ಪೆಂಡ್ ಮಾಡುವ ಅಧಿಕಾರವೂ ಉಂಟು. ಅಂದ್ರೆ ಆ ಟ್ರಿಪ್ ನಾವು ಓನರ್ ಹತ್ರ ಬೇಡಿಕೊಳ್ಳುವ ಉಪಕಾರ ಅಲ್ಲ, ಪರ್ಮಿಟ್ ತಗೊಳ್ಳುವಾಗ ಅವರು ಒಪ್ಪಿಕೊಂಡ ಕೆಲಸ. ಇದು ಗೊತ್ತಾದ ಮೇಲೆ ನಮ್ಮ ಮಾತಿನ ಧಾಟಿಯೇ ಬದಲಾಯ್ತು.

ಆ ಪ್ರಾಧಿಕಾರದ ಸಭೆಗೆ ನಾವು ಮೂರು ಜನ ರಜೆ ಹಾಕಿ ಹೋದ್ವಿ. ನನ್ನ ಕೈ ನಡುಗ್ತಾ ಇತ್ತು, ಆದ್ರೂ ನರ್ಸಕ್ಕ ತಾರೀಕು ತಾರೀಕು ಓದಿದ್ರು. ಒಂದು ತಿಂಗಳೊಳಗೆ 8.40ರ ಬಸ್ಸು ವಾಪಸ್ ಬಂತು. ಈಗಲೂ ಬರ್ತಾ ಉಂಟು, ಮೊನ್ನೆ ನೋಡಿದ್ರೆ ಸೀಟೆಲ್ಲ ಫುಲ್.

ಹಾಗಾದ್ರೆ 2 ಸ್ಟಾರ್ ಯಾಕೆ? ದಾರಿ ಉಂಟು, ಆದ್ರೆ ಆ ದಾರಿ ಹುಡುಕ್ಲಿಕ್ಕೆ ನಾವು ಕೂಲಿ ಬಿಡ್ಬೇಕಾಯ್ತು. ಬಸ್ಸಿನ ಓನರುಗಳಿಗೆ ಸಂಘ ಉಂಟು, ಅವರ ಮಾತು ಹೇಳ್ಲಿಕ್ಕೆ ಜನ ಉಂಟು. ದಿನಾ ನಿಂತ್ಕೊಂಡು ಹೋಗುವವರ ಪರವಾಗಿ ಆ ಮೇಜಿನ ಮುಂದೆ ಪ್ರತಿ ಸಭೆಯಲ್ಲೂ ಒಂದು ಖಾಯಂ ಕುರ್ಚಿ ಬೇಕು, ಅದರಲ್ಲಿ ಬಸ್ಸಲ್ಲಿ ಹೋಗುವವರೇ ಕೂರಬೇಕು, ಕಾರಲ್ಲಿ ಬರುವವರು ಅಲ್ಲ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗ ರಾಜ್ಯ ಇಡೀ ಹೆಂಗಸರು ಫ್ರೀ ಹೋದ್ರು, ಅದು ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಪ್ರೈವೇಟ್ ಸಿಟಿ ಬಸ್ಸಲ್ಲಿ ನಾವು ದಿನಾ ಟಿಕೆಟ್ ತಗೊಳ್ತೇವೆ. ಸರ್ಕಾರಿ ಸಿಟಿ ಬಸ್ಸು, ಅಂದ್ರೆ ನರ್ಮ್ ಬಸ್ಸು, ನಮ್ಮ ರೂಟಿಗೆ ಇಲ್ಲ. ನಮ್ಮ ರೂಟಿಗೂ ಅಂಥ ಒಂದು ಬಸ್ಸು ಬೇಕು ಅಂತ ಎಷ್ಟೋ ಹೆಂಗಸರು ಬಸ್ಸೊಳಗೆ ಹೇಳ್ತಾರೆ, ಆ ಮಾತು ಬಸ್ಸಿನ ಹೊರಗೆ ಹೋಗುವುದಿಲ್ಲ.

ಮೆಟ್ಟಿಲು ಎತ್ತರ ಇರುವುದು ಇನ್ನೊಂದು ವಿಷಯ, ಗಂಟು ನೋವಿನವರು ಹತ್ತುವಾಗ ನೋಡ್ಲಿಕ್ಕೆ ಆಗುವುದಿಲ್ಲ.

ನಮ್ಮ ಸ್ಟಾಪಲ್ಲಿ ಟೈಮ್ ಬೋರ್ಡ್ ಇನ್ನೂ ಬಂದಿಲ್ಲ, ಅದಕ್ಕೆ ಎರಡನೇ ಅರ್ಜಿ ರೆಡಿ ಆಗ್ತಾ ಉಂಟು, ಭಾನುವಾರದ ಟ್ರಿಪ್ ಲೆಕ್ಕವನ್ನೂ ಈ ಸರ್ತಿ ಸೇರಿಸಿದ್ದೇವೆ. ನಿಮ್ಮ ರೂಟಲ್ಲೂ ಟ್ರಿಪ್ ಕಟ್ ಆಗ್ತಾ ಇದ್ರೆ ಇವತ್ತಿಂದ್ಲೇ ತಾರೀಕು, ಟೈಮು, ಬಸ್ಸಿನ ನಂಬರು ಬರೆದಿಡಿ, ಎರಡು ವಾರದ್ದಾದ್ರೂ ಸಾಕು.