ಹಳೇ ಯೆಜ್ಡಿ ಕ್ಲಾಸಿಕ್: ಕೆಲವು ವರ್ಷ ಓಡಿಸಿದ ಮೇಲೆ ಹೊಸಬರಿಗೆ ನಾನು ಹೇಳುವುದು

ಹಳೇ ಬೈಕ್ ಒಂದು ಬೇಕು, ಆದರೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲ ಅನ್ನುವವರು ಕೇಳಿದರೆ ನಾನು ಹೇಳುವ ಹೆಸರು ಒಂದೇ, ಯೆಜ್ಡಿ 250 ಕ್ಲಾಸಿಕ್. ನನ್ನ ಹತ್ತಿರ ಇರುವುದು ಎಂಬತ್ತರ ದಶಕದ್ದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಾದ ಗಾಡಿ, ಈಗಲೂ ಮೈಸೂರಲ್ಲೇ ಓಡುತ್ತಿದೆ. ಆ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅಂದರೆ ಯಾವ ಹಳೇ ಯೆಜ್ಡಿ ತಗೊಂಡರೂ ಅದಕ್ಕೆ ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿರುತ್ತದೆ, ಕಂಪನಿ ಸರ್ವಿಸ್ ಸೆಂಟರ್ ಅನ್ನುವುದು ಇಲ್ಲ. 2022ರಲ್ಲಿ ಅದೇ ಹೆಸರಿನಲ್ಲಿ ಹೊಸ ಯೆಜ್ಡಿ ಬಂದಿದೆ ನಿಜ, ಆದರೆ ಅದು ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಇಂಜಿನ್. ಅದರ ಒಂದು ಪಾರ್ಟೂ ಇದಕ್ಕೆ ಕೂರುವುದಿಲ್ಲ.

ಹಾಗಿದ್ದರೂ ಹೊಸಬರಿಗೆ ಇದನ್ನೇ ಯಾಕೆ ಹೇಳುತ್ತೇನೆ ಅಂದರೆ, ಈ ಇಂಜಿನ್ ಅರ್ಥವಾಗುತ್ತದೆ. ಟೂ ಸ್ಟ್ರೋಕ್. ಒಂದು ಸಿಲಿಂಡರ್, ಒಂದು ಪಿಸ್ಟನ್. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಎರಡು ಸೈಲೆನ್ಸರ್ ನೋಡಿ ಎರಡು ಸಿಲಿಂಡರ್ ಅಂದುಕೊಳ್ಳುವವರು ತುಂಬ ಜನ, ಆದರೆ ಒಂದೇ ಸಿಲಿಂಡರಿನಿಂದ ಹೊಗೆ ಹೋಗುವ ಎರಡು ದಾರಿ, ಅಂದರೆ ಪೋರ್ಟ್, ಹೊರಗೆ ಬರುತ್ತವೆ ಅಷ್ಟೇ. ಬಲಗಡೆ ಕವರ್ ಬಿಚ್ಚಿದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ, ಪ್ಲಗ್ಗಿಗೆ ಕಿಡಿ ಬರಲು ಕರೆಂಟ್ ಕಡಿಯುವ ಸ್ವಿಚ್ಚಿನಂಥ ಪಾಯಿಂಟ್, ಆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಎಲ್ಲ ಕಣ್ಣೆದುರು. ಎಡಗಡೆ ಬಿಚ್ಚಿದರೆ ಇಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನ್, ಕ್ಲಚ್. ನಾಲ್ಕೈದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಒಂದು ಪ್ಲಗ್ ಪಾನಾ ಇದ್ದರೆ ರಸ್ತೆ ಬದಿಯಲ್ಲೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಕೊಳ್ಳುವಾಗ ಪೇಂಟ್ ನೋಡಬೇಡಿ, ಪೇಪರ್ ನೋಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಗಾಡಿ ಮೇಲಿರುವ ನಂಬರಿಗೆ ನೀವೇ ಹೋಲಿಸಿ. ಇಷ್ಟು ವರ್ಷಗಳಲ್ಲಿ ಯಾರೋ ಎಲ್ಲಿಂದಲೋ ಇಂಜಿನ್ ತಂದು ಕೂರಿಸಿರುವ ಗಾಡಿಗಳು ಬೇಕಾದಷ್ಟಿವೆ. ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ರಿನೀವಲ್. ಅದು ಯಾವಾಗ ಆಗಿದೆ, ಗ್ರೀನ್ ಟ್ಯಾಕ್ಸ್ ಕಟ್ಟಿದ್ದಾರಾ ನೋಡಿ. ಓನರ್ ಬದುಕಿದ್ದರೆ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಮಾಡಿಸಿಕೊಳ್ಳಬಹುದು. ತೀರಿಕೊಂಡಿದ್ದರೆ ಮೊದಲು ವಾರಸುದಾರರು ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ ನಿಮ್ಮ ಹೆಸರಿಗೆ. "ನಮ್ಮ ತಾತಂದು ಸರ್, ಮನೇಲೇ ನಿಂತಿತ್ತು" ಅಂತ ಮಾರುವ ಗಾಡಿಗಳಲ್ಲಿ ಬಹಳಷ್ಟು ಈ ಹಂತದಲ್ಲೇ ಸಿಕ್ಕಿಕೊಂಡಿರುತ್ತವೆ. ದುಡ್ಡು ಕೊಡುವ ಮುಂಚೆ ಆ ಕೆಲಸ ಮುಗಿಸಿಕೊಡಿ ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ಮಾತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ 'ವಿಎ' ಸೀರೀಸ್ ನಂಬರ್. ಹೊಸದಾಗಿ ಮಾಡಿಸಲು 20,000 ರೂಪಾಯಿ ಫೀಸು, ರಿನೀವಲ್‌ಗೆ 5,000. ಎಪ್ಪತ್ತರ ದಶಕದ ಶುರುವಿನ ಯೆಜ್ಡಿಗಳು, ಅದಕ್ಕಿಂತ ಹಿಂದೆ ಅದೇ ಫ್ಯಾಕ್ಟರಿಯಲ್ಲಿ ತಯಾರಾದ ಜಾವಾ ಬೈಕ್‌ಗಳು ಇದರೊಳಗೆ ಬರುತ್ತವೆ. ಆದರೆ ಆ ನಂಬರ್ ತಗೊಂಡರೆ ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ. ಚಾಲ್ತಿಯಲ್ಲಿರುವ ಹಳೇ ನಂಬರ್ ಇದ್ದು, ನಿಮಗೆ ಓಡಿಸುವ ಆಸೆ ಇದ್ದರೆ ಅದನ್ನೇ ಉಳಿಸಿಕೊಳ್ಳಿ.

ಸರಿ, ಗಾಡಿ ಮನೆಗೆ ಬಂತು. ಕಿಕ್ ಎಲ್ಲಿ ಅಂತ ಹುಡುಕಬೇಡಿ, ಗೇರ್ ಲಿವರೇ ಕಿಕ್. ಎಡಗಡೆ ಇರುವ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ಮುಂದಕ್ಕೆ ತಂದರೆ ಗೇರ್. ಗೇರ್ ಲಿವರ್ ಒತ್ತುವಾಗ ಕ್ಲಚ್ಚೂ ತಾನಾಗಿಯೇ ಬಿಡುತ್ತದೆ, ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಒಮ್ಮೆ ಕ್ಲಚ್ ಕೇಬಲ್ ತುಂಡಾದಾಗ ಶ್ರೀರಂಗಪಟ್ಟಣದಿಂದ ಮನೆವರೆಗೆ ಹಾಗೇ ಬಂದಿದ್ದೇನೆ. ಆ ದಿನ ಈ ಗಾಡಿ ಮೇಲೆ ಬಂದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಪೆಟ್ರೋಲಿನ ವಿಷಯ ಸ್ವಲ್ಪ ಉದ್ದ. ಈ ಇಂಜಿನ್ನಿಗೆ ಬೇರೆ ಆಯಿಲ್ ಪಂಪ್ ಇಲ್ಲ, ಪೆಟ್ರೋಲಿನ ಜೊತೆಗೇ 2ಟಿ, ಅಂದರೆ ಟೂ ಸ್ಟ್ರೋಕ್ ಇಂಜಿನ್ನಿನ, ಆಯಿಲ್ ಬೆರೆಸಬೇಕು. ಪಿಸ್ಟನ್ನಿನ ಓಟವನ್ನು ತಿರುಗುವ ಓಟವಾಗಿಸುವ ಕ್ರ್ಯಾಂಕ್‌ನ ಬೇರಿಂಗ್, ಪಿಸ್ಟನ್, ಸಿಲಿಂಡರ್ ಎಲ್ಲಕ್ಕೂ ಎಣ್ಣೆ ಹೋಗುವುದು ಆ ಮಿಶ್ರಣದಿಂದಲೇ. ನಾನು ಲೀಟರಿಗೆ 30 ಎಂಎಲ್ ಹಾಕುತ್ತೇನೆ, ಐದು ಲೀಟರಿಗೆ 150. ಸವೆದ ಸಿಲಿಂಡರನ್ನು ಕೊರೆಸಿ ಹೊಸದಾಗಿ ಬೋರ್ ಮಾಡಿಸಿದ್ದರೆ 40ಕ್ಕೆ ಏರಿಸಿ. ಮೊದಲು ಆಯಿಲ್ ಸುರಿದು ಅದರ ಮೇಲೆ ಪೆಟ್ರೋಲ್ ಹಾಕಿಸಿ, ಆಗ ಚೆನ್ನಾಗಿ ಬೆರೆಯುತ್ತದೆ. ಹಿಂದೆ ಬಂಕಿನಲ್ಲೇ 2ಟಿ ಆಯಿಲ್ ಮಿಷನ್ ಇರುತ್ತಿತ್ತು, ಈಗ ಹುಡುಕಿದರೂ ಸಿಗುವುದು ಕಷ್ಟ, ಹಾಗಾಗಿ ಸೈಡ್ ಬಾಕ್ಸಿನಲ್ಲಿ ಒಂದು ಬಾಟಲಿ, ಅಳತೆಯ ಮುಚ್ಚಳ ಸದಾ ಇರಲಿ. ಡಬ್ಬಿ ಮೇಲೆ ಜಾಸೋ (JASO) ಗುಣಮಟ್ಟದ ದರ್ಜೆ ಎಫ್‌ಸಿ ಅಥವಾ ಎಫ್‌ಡಿ ಅಂತ ಇರುವ ಆಯಿಲ್ ತಗೊಳ್ಳಿ, ಹೊಗೆ ಕಡಿಮೆ, ಕಾರ್ಬನ್ ಕಡಿಮೆ. ಜಾಸ್ತಿ ಆಯಿಲ್ ಹಾಕಿದರೆ ಒಳ್ಳೆಯದು ಅಂತ ಸುಮ್ನೆ ಸುರಿಯುವವರಿದ್ದಾರೆ. ಅದರಿಂದ ಪ್ಲಗ್ ಕಪ್ಪಾಗಿ ಹಸಿಯಾಗುತ್ತದೆ, ಸೈಲೆನ್ಸರ್ ಕಟ್ಟಿಕೊಳ್ಳುತ್ತದೆ, ಬೇರೇನೂ ಲಾಭ ಇಲ್ಲ.

ಈ ಮಿಶ್ರಣದ ಕಾರಣಕ್ಕೇ ಚಾಮುಂಡಿ ಬೆಟ್ಟ ಇಳಿಯುವಾಗ ಹುಷಾರಾಗಿರಬೇಕು. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಒಳಗೆ ಹೋಗುವ ಪೆಟ್ರೋಲ್ ಬಹಳ ಕಡಿಮೆ. ಪೆಟ್ರೋಲ್ ಕಡಿಮೆ ಅಂದರೆ ಎಣ್ಣೆಯೂ ಕಡಿಮೆ. ಹಾಗಾಗಿ ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಬೇಕು. ಇಂಜಿನ್ ಎಲ್ಲಾದರೂ ಬಿಗಿಯಾದಂತೆ ಅನ್ನಿಸಿದರೆ, ಸದ್ದು ಒಂದು ಥರ ಕಟ್ಟಿದ ಹಾಗೆ ಆದರೆ, ಆ ಕ್ಷಣವೇ ಕ್ಲಚ್ ಹಿಡಿಯಿರಿ. ಪಿಸ್ಟನ್ ಜಾಮ್ ಆದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ, ತಿರುವಿನಲ್ಲಿ ಅದು ಪ್ರಾಣಕ್ಕೆ ಬರುವ ವಿಷಯ. ಡ್ರಮ್ ಬ್ರೇಕ್ ಕೂಡ ಇವತ್ತಿನ ಡಿಸ್ಕ್ ಥರ ಹಿಡಿಯುವುದಿಲ್ಲ, ಮುಂದಿನ ಗಾಡಿಯಿಂದ ದೂರ ಬಿಟ್ಟೇ ಓಡಿಸಿ.

ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಇದು ಹಳೇ ಗಾಡಿಗಳಿಗೆ ನಿಜವಾದ ತೊಂದರೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ, ಜಾಸ್ತಿ ದಿನ ನಿಂತರೆ ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಒಳಗೆ ತುಕ್ಕು ಶುರು. ಹಳೇ ರಬ್ಬರ್ ಪೈಪ್, ವಾಷರ್‌ಗಳು ಉಬ್ಬಿಕೊಂಡು ಮೆತ್ತಗಾಗುತ್ತವೆ. ನಾನು ಪೈಪ್ ಬದಲಿಸಿದೆ, ಟ್ಯಾಂಕಿನ ಕೆಳಗಿನ ನಲ್ಲಿ, ಅಂದರೆ ಪೆಟ್ರೋಲ್ ಕಾಕ್‌ನ, ವಾಷರ್‌ಗಳನ್ನು ಬದಲಿಸಿದೆ, ಟ್ಯಾಂಕ್ ಒಳಗೆ ತೊಳೆಸಿದೆ. ಈಗ ಸ್ವಲ್ಪ ಸ್ವಲ್ಪವೇ ಹಾಕಿಸಿ ಬೇಗ ಖಾಲಿ ಮಾಡುತ್ತೇನೆ. ಒಂದೆರಡು ವಾರ ಓಡಿಸುವುದಿಲ್ಲ ಅಂತಿದ್ದರೆ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನಲ್ಲಿರುವುದು ಮುಗಿದು ಇಂಜಿನ್ ತಾನಾಗಿಯೇ ಆಫ್ ಆಗುವವರೆಗೆ ಬಿಡುತ್ತೇನೆ. ದಿನಾ ನಿಲ್ಲಿಸುವಾಗಲೂ ಕಾಕ್ ಬಂದ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ, ಇಲ್ಲದಿದ್ದರೆ ರಾತ್ರಿಯೆಲ್ಲ ಸೋರಿ ಪೆಟ್ರೋಲ್ ಕ್ರ್ಯಾಂಕ್ ಇರುವ ಗೂಡಿಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ಇಳಿದು ಬೆಳಿಗ್ಗೆ ಕಿಕ್ ಹೊಡೆದು ಕಾಲು ಸೋಲುತ್ತದೆ.

ಕರೆಂಟ್ ವಿಷಯಕ್ಕೆ ಬಂದರೆ, ನನ್ನದು 6 ವೋಲ್ಟ್. ಹೆಡ್‌ಲೈಟ್ ಹಳದಿ ಬೆಳಕು, ಸಿಗ್ನಲ್ಲಿನಲ್ಲಿ ನಿಂತರೆ ಇನ್ನೂ ಮಂಕು. ರಾತ್ರಿ ಹೈವೇಗೆ ಇದು ಸಾಲದು, ನಾನು ಕತ್ತಲಾಗುವ ಮುಂಚೆ ಮನೆ ಸೇರುವ ಹಾಗೆ ಹೊರಡುತ್ತೇನೆ. ಪ್ಲಗ್ಗಿಗೆ ಕಿಡಿ ಬರುವುದೂ ಬ್ಯಾಟರಿಯಿಂದಲೇ, ಅದಕ್ಕೇ ಬ್ಯಾಟರಿ ಸತ್ತರೆ ಗಾಡಿಯೂ ನಿಂತ ಹಾಗೆ. ಊರೊಳಗೆ ನಿಧಾನವಾಗಿ ಲೈಟ್ ಹಾಕಿಕೊಂಡೇ ಓಡಿಸಿದರೆ ಡೈನಮೋ ಚಾರ್ಜ್ ಮಾಡುವುದಕ್ಕಿಂತ ಖರ್ಚೇ ಜಾಸ್ತಿ. 12 ವೋಲ್ಟಿಗೆ ಬದಲಿಸುವ ಕಿಟ್‌ಗಳಿವೆ, ದಿನಾ ಆಫೀಸಿಗೆ ಹೋಗುವವರು ಹಾಕಿಸಿಕೊಳ್ಳುತ್ತಾರೆ, ಅದರಲ್ಲಿ ತಪ್ಪಿಲ್ಲ. ನನಗೆ ಡೈನಮೋ ಇರುವ ಹಾಗೇ ಇರಲಿ ಅನ್ನಿಸಿತು.

ಅತಿ ಹೆಚ್ಚು ತಲೆ ತಿಂದ ಸಮಸ್ಯೆ ಒಂದನ್ನು ಹೇಳಲೇಬೇಕು. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್, ನಂಜನಗೂಡಿನ ಕಡೆ ಹೊರಟರೆ ಹತ್ತು ಹದಿನೈದು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ, ಆಮೇಲೆ ಪಟ್ ಪಟ್ ಅಂದು ನಿಲ್ಲುತ್ತದೆ, ಅರ್ಧ ಗಂಟೆ ನೆರಳಲ್ಲಿ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಒಬ್ಬ ಮೆಕ್ಯಾನಿಕ್ ಕಾರ್ಬೊರೇಟರೇ ಹೋಗಿದೆ, ಹೊಸದು ಹಾಕಬೇಕು ಅಂದ. ಆಗ ನನಗೆ ಸಿಕ್ಕಿದ್ದು ಫ್ಯಾಕ್ಟರಿಯಲ್ಲೇ ಕೆಲಸ ಮಾಡಿ ಬಂದ ಒಬ್ಬರು ಹಿರಿಯ ಮೇಸ್ತ್ರಿ. ಅವರು ಬಲಗಡೆ ಕವರ್ ಬಿಚ್ಚಿ, ಇಂಜಿನ್ ಬಿಸಿ ಇರುವಾಗಲೇ ನನ್ನ ಕೈಲಿ ಕಿಕ್ ಹೊಡೆಸಿ, "ಪಾಯಿಂಟ್ ನೋಡು ಮಗಾ, ಎಷ್ಟು ಕಿಡಿ ಹಾರ್ತಿದೆ" ಅಂದರು. ಕಂಡೆನ್ಸರ್ ಬಿಸಿಯಾದಾಗ ಕೈಕೊಡುತ್ತಿತ್ತು. ಚಿಕ್ಕ ಡಬ್ಬಿಯಂಥ ಆ ಪಾರ್ಟ್ ಬದಲಿಸಿ, ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರಿಗೆ ಫೀಲರ್ ಗೇಜ್ ಹಾಕಿ ಕೂರಿಸಿದರು. ಅಲ್ಲಿಗೆ ಮುಗಿಯಿತು. ಕಾರ್ಬೊರೇಟರ್ ಮುಟ್ಟಲೇ ಇಲ್ಲ. ಅವತ್ತಿನಿಂದ ಗಾಡಿ ನಿಂತರೆ ನನ್ನ ಕ್ರಮ ಇದು: ಮೊದಲು ಪ್ಲಗ್ ಬಿಚ್ಚಿ ಕಿಡಿ ನೋಡು, ಆಮೇಲೆ ಪಾಯಿಂಟ್, ಕಡೆಗೆ ಪೆಟ್ರೋಲ್.

ಕ್ರ್ಯಾಂಕ್‌ನ ಎರಡು ಆಯಿಲ್ ಸೀಲ್‌ಗಳ ಬಗ್ಗೆ ಹೊಸಬರಿಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ ಗಾಳಿ ಸೋರದಂತೆ ಭದ್ರವಾಗಿರಬೇಕು. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ಉರಿಯುತ್ತದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಬಲಗಡೆ ಡೈನಮೋ ಕಡೆಯದು ಹೋದರೆ ಗಾಳಿ ಒಳಗೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಸದ್ದು ಇಳಿಯುವುದಿಲ್ಲ, ಬೇಗ ಕಾಯುತ್ತದೆ, ಹಾಗೇ ಓಡಿಸಿದರೆ ಪಿಸ್ಟನ್ ಜಾಮ್. ಗಾಡಿ ಕೊಳ್ಳುವ ಮುಂಚೆ ಕಾಲು ಗಂಟೆ ಓಡಿಸಿ ನೋಡಿದರೆ ಈ ಎರಡೂ ಗೊತ್ತಾಗುತ್ತವೆ. ಮಾರುವವರು ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ತಣ್ಣಗಾಗುವವರೆಗೆ ಕಾಯ್ದು ನೀವೇ ಕಿಕ್ ಹೊಡೆಯಿರಿ.

ಸ್ಪೇರ್ಸ್ ಸಿಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮೈಸೂರಿನ ಹಳೇ ಅಂಗಡಿಗಳು, ಈಗ ಆನ್‌ಲೈನ್ ಕೂಡ. ಕೇಬಲ್, ಸೀಟ್, ರಬ್ಬರ್, ಲೈಟ್ ಇವಕ್ಕೆಲ್ಲ ಕೊರತೆ ಇಲ್ಲ. ತೊಂದರೆ ಇರುವುದು ಗುಣಮಟ್ಟದಲ್ಲಿ. ಒಂದು ಅಂಗಡಿಯಿಂದ ತಂದ ಪಿಸ್ಟನ್ ರಿಂಗ್ ಒಂದು ಮಳೆಗಾಲವೂ ಬಾಳಲಿಲ್ಲ, ಕಂಪ್ರೆಶನ್ ಇಳಿದು ಕಿಕ್ಕೇ ಸಡಿಲವಾಯಿತು. ಫ್ಯಾಕ್ಟರಿ ಕಾಲದ ಹಳೇ ಸ್ಟಾಕ್ ರಿಂಗ್, ಪಾಯಿಂಟ್, ಕ್ಲಚ್ ಪ್ಲೇಟ್ ಕಂಡರೆ ಬೆಲೆ ಜಾಸ್ತಿಯಾದರೂ ತೆಗೆದಿಡಿ. ಕ್ರ್ಯಾಂಕ್ ಕೆಲಸ ಮಾತ್ರ ಮನೆಯಲ್ಲಿ ಆಗುವುದಲ್ಲ. ಅದನ್ನು ಪ್ರೆಸ್‌ನಲ್ಲಿ ಬಿಡಿಸಿ, ಹೊಸ ಕನೆಕ್ಟಿಂಗ್ ರಾಡ್ ಕಿಟ್ ಹಾಕಿ, ಡಯಲ್ ಗೇಜ್ ಇಟ್ಟು ಓಟ ಸರಿ ನೋಡಬೇಕು. ಜಾವಾ ಯೆಜ್ಡಿ ಮಾಡಿ ಗೊತ್ತಿರುವ ಲೇತ್ ಅಂಗಡಿಗೇ ಕೊಡಿ. ಹಿಂದಿನ ಚೈನ್ ಪೂರ್ತಿ ಕವರಿನೊಳಗೆ ಇರುವುದರಿಂದ ಕೆಸರು, ಧೂಳು ತಾಗದೆ ತುಂಬ ಬಾಳುತ್ತದೆ, ಆದರೆ ಅದರ ರಬ್ಬರ್ ಕೊಳವೆಗಳು ಹರಿದಿದ್ದರೆ ಬದಲಿಸಿ.

ಮೈಲೇಜ್ ಲೀಟರಿಗೆ 30ರ ಆಸುಪಾಸು, ಜೊತೆಗೆ ಆಯಿಲ್ ಖರ್ಚು. ವರ್ಷಕ್ಕೊಮ್ಮೆ ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ತೆಗೆದು ಕಾರ್ಬನ್ ಕೆರೆಯಬೇಕು, ಇಲ್ಲದಿದ್ದರೆ ಗಾಡಿ ಎಳೆಯುವುದೇ ಇಲ್ಲ. ಇದೊಂದೇ ಗಾಡಿ ಇಟ್ಟುಕೊಂಡು ದಿನಾ ಟೈಮಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕು ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಭಾನುವಾರ ಎರಡು ಗಂಟೆ ಕೈ ಮಸಿ ಮಾಡಿಕೊಳ್ಳುವ ಮನಸ್ಸಿದ್ದರೆ ಖಂಡಿತ ತಗೊಳ್ಳಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಊರೂರಲ್ಲಿ ಗಾಡಿಗಳು ಸೇರುತ್ತವೆ. ಕೊಳ್ಳುವ ಮುಂಚೆ ಒಮ್ಮೆ ಹೋಗಿ. ಚೆನ್ನಾಗಿ ಓಡುವ ಗಾಡಿಯ ಸದ್ದು ಹೇಗಿರುತ್ತದೆ ಅಂತ ಅಲ್ಲಿ ಕಿವಿಗೆ ಗೊತ್ತಾಗುತ್ತದೆ, ಮೆಕ್ಯಾನಿಕ್‌ಗಳ ಪರಿಚಯವೂ ಆಗುತ್ತದೆ. ಅದರಲ್ಲೂ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು ಸಿಕ್ಕರೆ ಬಿಡಬೇಡಿ. ಅವರಿಗೆಲ್ಲ ಈಗ ವಯಸ್ಸಾಗಿದೆ, ಬಹಳ ಜನ ಅಂಗಡಿ ಮುಚ್ಚುತ್ತಿದ್ದಾರೆ. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ನೋಡಿ, ಕೇಳಿ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನಮ್ಮ ಮೇಸ್ತ್ರಿಗಳು ಮುಂದಿನ ಸಲ ಕ್ಲಚ್ ಬಿಚ್ಚುವುದನ್ನು ನನ್ನ ಕೈಯಲ್ಲೇ ಮಾಡಿಸುತ್ತೇನೆ ಅಂದಿದ್ದಾರೆ, ಕ್ಲಚ್ ಎಳೆದು ತೆಗೆಯುವ ಪುಲ್ಲರ್ ಆಗಲೇ ತಂದಿಟ್ಟಿದ್ದೇನೆ.