30x40 ಮನೆಯ ತಾರಸಿಗೆ ಯಾವ ತಂತಿ ಆಂಟೆನಾ?

ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಆಂಟೆನಾಗೆ ಜಾಗ ಸಾಲದ ಕಥೆ ಇದು. ಬೆಂಗಳೂರಿನ 30x40 ಅಡಿ ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಟ್ಟು ನಮ್ಮ ತಾರಸಿ 27x36. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ 45 ಅಡಿ. 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಜ್ ಆಸುಪಾಸು) ಡೈಪೋಲ್‌ಗೆ (ನಡುವೆ ಕೇಬಲ್ ಸೇರುವ ಎರಡು ಕಾಲಿನ ತಂತಿ ಆಂಟೆನಾ) ಬೇಕಾದದ್ದು ಸುಮಾರು 66 ಅಡಿ (468 ಅನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಅಡಿಯಲ್ಲಿ ಉತ್ತರ ಸಿಗುತ್ತದೆ). ಪಕ್ಕದ ಮನೆ ಮೇಲೆ ಎಳೆಯುವ ಹಾಗಿಲ್ಲ. ಬೀದಿ ಕಡೆ ಕರೆಂಟ್ ತಂತಿ, ಆ ದಿಕ್ಕಿನ ಮಾತೇ ಬೇಡ. ಹಾಗಾಗಿ ಇರುವ ಜಾಗದಲ್ಲೇ ಮೂರು ಬಗೆ ಕಟ್ಟಿ ನೋಡಿದೆ. ಮೂರಕ್ಕೂ ಅದೇ ರಿಗ್ (ರೇಡಿಯೊ ಸೆಟ್), ಅದೇ ಕೋಆಕ್ಸ್ (ಆಂಟೆನಾ ಕೇಬಲ್).

ಗೆದ್ದದ್ದು ತುದಿ ಬಗ್ಗಿಸಿದ ಇನ್ವರ್ಟೆಡ್ ವಿ, ಅಂದ್ರೆ ತಲೆಕೆಳಗಾದ V ಆಕಾರದ ಡೈಪೋಲ್. ತಾರಸಿಯ ನಡುವೆ 20 ಅಡಿ ಜಿಐ ಪೈಪು, ಅದರ ತಲೆಯಿಂದ ಎರಡು ಮೂಲೆಗೆ ಇಳಿಯುವ ಕಾಲುಗಳು. ಇಳಿಜಾರಿನಲ್ಲೇ ಸಾಕಷ್ಟು ತಂತಿ ಹಿಡಿಯುತ್ತದೆ. ಪ್ಯಾರಪೆಟ್ ಹತ್ತಿರ ಬಂದಾಗ ಪ್ರತಿ ಕಾಲಿಗೂ ಐದಡಿ ಚಿಲ್ಲರೆ ಮಾತ್ರ ಉಳಿಯಿತು. ಅದನ್ನು ನೈಲಾನ್ ಹಗ್ಗ ಕಟ್ಟಿ ಗೋಡೆಗುಂಟ ಬದಿಗೆ ತಿರುಗಿಸಿದೆ. ಡೈಪೋಲ್‌ನಲ್ಲಿ ಕರೆಂಟ್ ಜಾಸ್ತಿ ಇರೋದು ನಡುವೆ, ತುದಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಲಸ ಮಾಡುವ ಭಾಗ ಎತ್ತರದಲ್ಲಿದ್ದರೆ ಆಯ್ತು, ತುದಿ ಬಗ್ಗಿದ್ದಕ್ಕೆ ಅದು ಮುನಿಸಿಕೊಳ್ಳಲ್ಲ. ಒಂದೇ ಎಚ್ಚರ: ತುದಿ ಸಿಮೆಂಟ್ ಗೋಡೆಗೆ ಹತ್ತಿರ ಹೋದಷ್ಟೂ ರೆಸೊನೆನ್ಸ್ (ಆಂಟೆನಾ ಹೊಂದಿಕೊಳ್ಳುವ ಫ್ರೀಕ್ವೆನ್ಸಿ) ಕೆಳಗಿಳಿಯುತ್ತದೆ. ಮನೆ ವೈರಿಂಗ್‌ನ ಪಿವಿಸಿ ತಂತಿ ಬಳಸಿದರೆ ಇನ್ನಷ್ಟು ಇಳಿಯುತ್ತದೆ. ಆದ್ದರಿಂದ ಸ್ವಲ್ಪ ಉದ್ದ ಬಿಟ್ಟು, ಜಾಗದಲ್ಲಿ ಕಟ್ಟಿದ ಮೇಲೇ ಕತ್ತರಿಸಿ. ಹಗಲು ಹೊತ್ತು ಚೆನ್ನೈ, ಹೈದರಾಬಾದ್, ಕೇರಳದ ಸ್ಟೇಷನ್‌ಗಳು ಪಕ್ಕದ ರೂಮಿನಿಂದ ಮಾತಾಡಿದ ಹಾಗೆ ಬರುತ್ತವೆ. ತೊಂದರೆ ಅಂದ್ರೆ ಪೈಪು. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನು ಎಳೆದು ನಿಲ್ಲಿಸುವ ಗೈ ಹಗ್ಗ ಬಟ್ಟೆ ಒಣಹಾಕೋರ ಕಾಲಿಗೆ ಸಿಗುತ್ತದೆ.

ಎಂಡ್ ಫೆಡ್ ಹಾಫ್ ವೇವ್‌ಗೆ (ತುದಿಯಿಂದ ಕೇಬಲ್ ಸೇರುವ, ಅರ್ಧ ತರಂಗ ಉದ್ದದ ಒಂದೇ ತಂತಿ) ಈ ರಗಳೆ ಇಲ್ಲ. ಮೆಟ್ಟಿಲು ರೂಮಿನ ಮೇಲೆ 49:1 ಟ್ರಾನ್ಸ್‌ಫಾರ್ಮರ್ ಡಬ್ಬಿ, ಅಲ್ಲಿಂದ ಒಂದೇ ತಂತಿ ದೂರದ ಮೂಲೆಗೆ ಹೋಗಿ ಪ್ಯಾರಪೆಟ್ ಮೇಲೆ ತಿರುಗುತ್ತದೆ. ಎಫ್‌ಟಿ240-43 ಟೊರಾಯ್ಡ್ (ಫೆರೈಟ್ ಬಳೆ) ಮೇಲೆ ಒಂದು ಬದಿಗೆ 2 ಸುತ್ತು, ಇನ್ನೊಂದಕ್ಕೆ 14 ಸುತ್ತು, ಜೊತೆಗೆ 100 ಪಿಕೋಫ್ಯಾರಡ್ ಕೆಪಾಸಿಟರ್. ಅಷ್ಟೇ ಸರಂಜಾಮು. ಟ್ಯೂನರ್ (ಆಂಟೆನಾವನ್ನು ರಿಗ್ಗಿಗೆ ಹೊಂದಿಸುವ ಡಬ್ಬಿ) ಇಲ್ಲದೆ 40, 20, 15, 10 ಮೀಟರ್ ಎಲ್ಲದರಲ್ಲೂ ಹತ್ತುತ್ತದೆ. ಇನ್ವರ್ಟೆಡ್ ವಿ 20ರಲ್ಲಿ ಸುಮ್ನೆ ಕೂತಿರುತ್ತದೆ, ಅಲ್ವಾ?

ಆದರೆ ಗದ್ದಲ! ಸಂಜೆ ಬೀದಿಯ ಎಲ್‌ಇಡಿ ಬಲ್ಬುಗಳೆಲ್ಲ ಹೊತ್ತಿಕೊಂಡು, ಮನೆಮನೆಯ ಯುಪಿಎಸ್ ಶುರುವಾದರೆ ಎಸ್-ಮೀಟರ್ (ರಿಗ್ಗಿನಲ್ಲಿ ಸಿಗ್ನಲ್ ಬಲ ತೋರಿಸುವ ಮುಳ್ಳು) 7ಕ್ಕೆ ಅಂಟಿಕೊಳ್ಳುತ್ತದೆ. ಅದೇ ಹೊತ್ತಿಗೆ ಇನ್ವರ್ಟೆಡ್ ವಿಯಲ್ಲಿ 5. ಇಲ್ಲಿ ಕೋಆಕ್ಸಿನ ಹೊರಮೈಯೇ ಆಂಟೆನಾದ ಇನ್ನೊಂದು ಅರ್ಧವಾಗಿಬಿಡುತ್ತದೆ, ಅದು ಮನೆಯೊಳಗಿನ ಕಸವನ್ನೆಲ್ಲ ಎಳೆದು ತರುತ್ತದೆ. ಕೋಆಕ್ಸಿಗೆ ಚೋಕ್ (ಹೊರಮೈಯ ಕರೆಂಟ್ ತಡೆಯುವ ಸಾಧನ) ಹಾಕಿದ ಮೇಲೆ ತಗ್ಗಿತು, ಪೂರ್ತಿ ಹೋಗಲಿಲ್ಲ. ಇನ್ನೊಂದು ಮಾತು: ಟ್ರಾನ್ಸ್‌ಫಾರ್ಮರ್ ಆಚೆ ಬದಿಯಲ್ಲಿ ಇಂಪೀಡೆನ್ಸ್ (ಎಸಿ ಕರೆಂಟಿಗೆ ಇರುವ ತಡೆ) 2500 ಓಮ್ ಆಸುಪಾಸು. 100 ವಾಟ್ ಕೊಟ್ಟರೆ ಅಲ್ಲಿ 500 ವೋಲ್ಟ್. ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಅದು ಇರಕೂಡದು.

ಕಾಯಿಲ್ ಹಾಕಿದ ಗಿಡ್ಡ ಡೈಪೋಲ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಒಟ್ಟು ಉದ್ದ 33 ಅಡಿ, ಪ್ರತಿ ಕಾಲಿನ ಮಧ್ಯೆ ಪಿವಿಸಿ ಪೈಪಿನ ಮೇಲೆ ಸುತ್ತಿದ ಕಾಯಿಲ್. ಜಾಗ ಉಳಿಯುತ್ತದೆ, ಆದರೆ ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿದೆ ಅನ್ನುವ ಅಳತೆ, 1 ಆದರೆ ಪೂರ್ತಿ ಹೊಂದಿದ ಹಾಗೆ) 2ರ ಒಳಗೆ ಸಿಗೋದು ಸುಮಾರು 60 ಕಿಲೋಹರ್ಟ್ಜ್ ಮಾತ್ರ. ನಮಗಿರುವುದು 7.000ದಿಂದ 7.200 ಮೆಗಾಹರ್ಟ್ಜ್‌ವರೆಗೆ, ಅಂದ್ರೆ 200 ಕಿಲೋಹರ್ಟ್ಜ್. ಸಿಡಬ್ಲ್ಯೂಗೆ (ಮೋರ್ಸ್ ಸಂಕೇತಕ್ಕೆ) ಹೊಂದಿಸಿದರೆ ವಾಯ್ಸ್ ಇಲ್ಲ, ವಾಯ್ಸ್‌ಗೆ ಹೊಂದಿಸಿದರೆ ಸಿಡಬ್ಲ್ಯೂ ಇಲ್ಲ. ಮಳೆ ಬಂದು ಕಾಯಿಲ್ ನೆನೆದರೆ ಆ 60 ಕಿಲೋಹರ್ಟ್ಜ್ ಕೂಡ ಜರುಗುತ್ತದೆ. ಬಾಡಿಗೆ ಮನೆ, ಚಿಕ್ಕ ತಾರಸಿ, ಬೇರೆ ದಾರಿಯೇ ಇಲ್ಲ ಅಂದ್ರೆ ಮಾತ್ರ ಇದು.

ಈಗ ತಾರಸಿಯಲ್ಲಿ ನಿಂತಿರೋದು ಇನ್ವರ್ಟೆಡ್ ವಿ. ಗುಡುಗು ಕೇಳಿಸಿದರೆ ಕೋಆಕ್ಸ್ ಬಿಚ್ಚಿಡುತ್ತೇನೆ. ಎಂಡ್ ಫೆಡ್ ಬ್ಯಾಗಿನಲ್ಲಿದೆ. ಊರಿಗೆ ಹೋದಾಗ ತೆಂಗಿನ ಮರಕ್ಕೆ ಒಂದು ತುದಿ ಕಟ್ಟಿದರೆ ಸಾಕು, ಅಲ್ಲಿ ಎಲ್‌ಇಡಿ ಗಲಾಟೆಯೂ ಕಡಿಮೆ.