ಕಾರವಾರದ ಉಪ್ಪುಗಾಳಿಯಲ್ಲಿ ಬೈಕಿನ ಸಾಮಾನು ಡಿಕ್ಕಿ: ಎಣ್ಣೆ, ಗ್ರೀಸು, ಕೇಬಲ್ ಮತ್ತು ಶಾಕರ್‌ಗಳ ಹೋಲಿಕೆ

ನನ್ನ ಹಳೆಯ ಟೂರಿಂಗ್ ಬೈಕಿನ ಹಿಂಭಾಗದಲ್ಲಿ, ಹಿಂದೆ ಕುಳಿತವರಿಗೆ ಬೆನ್ನಾಸರೆಯೂ ಆಗುವ ದೊಡ್ಡ ಡಿಕ್ಕಿಯೊಂದಿದೆ. ಅದರ ಮುಚ್ಚಳದ ಕೀಲುಗಳು ಮುಂಬದಿಗಿವೆ. ಹಿಂಬದಿಯ ಎಡ ಮತ್ತು ಬಲ ಮೂಲೆಗಳಲ್ಲಿ ಒಂದೊಂದು ಕೊಂಡಿಯಿದ್ದು, ನಡುವಿನ ಬೀಗ ತೆರೆದು ಗುಂಡಿ ಒತ್ತಿದಾಗ ಎರಡು ತೆಳುವಾದ ಕೇಬಲ್‌ಗಳು ಎರಡೂ ಕೊಂಡಿಗಳನ್ನು ಒಟ್ಟಿಗೇ ಎಳೆದು ಬಿಡಿಸಬೇಕು; ಅನಂತರ ಬಲಬದಿಯಲ್ಲಿರುವ ಗ್ಯಾಸ್ ಸ್ಟ್ರಟ್, ಅಂದರೆ ಗ್ಯಾರೇಜಿನವರು ಡಿಕ್ಕಿ ಶಾಕರ್ ಎನ್ನುವ ಕೊಳವೆ, ಮುಚ್ಚಳವನ್ನು ಎತ್ತಿ ಹಿಡಿಯಬೇಕು. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಈ ವ್ಯವಸ್ಥೆ ಕೆಟ್ಟಿತು. ಗುಂಡಿ ಒತ್ತಿದರೆ ಎಡಮೂಲೆ ಮಾತ್ರ ಏಳುತ್ತಿತ್ತು, ಬಲಮೂಲೆ ಕಚ್ಚಿಕೊಂಡೇ ಇರುತ್ತಿತ್ತು. ಹೇಗೋ ಬಿಡಿಸಿದರೂ ಮುಚ್ಚಳ ನಾಲ್ಕು ಬೆರಳಿನಷ್ಟು ತೆರೆದು ನಿಲ್ಲುತ್ತಿತ್ತು. ಪೂರ್ತಿ ಎತ್ತಿ ಕೈಬಿಟ್ಟರೆ ತಟ್ಟನೆ ಕೆಳಗೆ ಬೀಳುತ್ತಿತ್ತು.

ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಹೆಂಡತಿಯ ತವರು ಶಿರಸಿಯ ಕಡೆಯ ಅಡಿಕೆ ತೋಟ. ತಿಂಗಳಿಗೆ ಎರಡು ಬಾರಿಯಾದರೂ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಹೋಗಿಬರುತ್ತೇನೆ. ಹೀಗಾಗಿ ಒಂದೇ ಡಿಕ್ಕಿ ಕರಾವಳಿಯ ಉಪ್ಪುಗಾಳಿಯನ್ನೂ ಘಟ್ಟದ ಮೇಲಿನ ಚಳಿ, ಇಬ್ಬನಿಗಳನ್ನೂ ಅನುಭವಿಸುತ್ತದೆ. ಒಂದು ಊರಿನಲ್ಲಿ ಸರಿಹೋದ ಉಪಾಯ ಇನ್ನೊಂದರಲ್ಲಿ ಕೈಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದರಿಂದಲೇ, ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿ ನೋಡಿದ ಪರ್ಯಾಯಗಳನ್ನು ಅಕ್ಕಪಕ್ಕ ಇಟ್ಟು ಹೇಳಬೇಕೆನಿಸಿತು.

ಹೋಲಿಕೆಗೆ ಮೊದಲು ಒಂದು ತುರ್ತು ಉಪಾಯ. ಕುಮಟಾದ ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನ ಡಿಕ್ಕಿಯನ್ನು ಕಂಡವರೇ ಹೇಳಿದ ಮಾತು ಇದು: "ಎಳೀಬೇಡಿ ಮಾರಾಯ್ರೆ, ಮೊದಲು ಒತ್ತಿ." ಒಳಗೆ ಹೆಲ್ಮೆಟ್, ಮಳೆಕೋಟು ತುಂಬಿದ್ದರೆ ಅವು ಮುಚ್ಚಳವನ್ನು ಮೇಲಕ್ಕೆ ನೂಕುತ್ತವೆ, ಆ ಒತ್ತಡವೆಲ್ಲ ಕೊಂಡಿಯ ಬಾಯಿಯ ಮೇಲೆ ಬಿದ್ದು ಅದು ಜಾರಲಾರದೆ ನಿಲ್ಲುತ್ತದೆ. ಕಚ್ಚಿಕೊಂಡ ಮೂಲೆಯನ್ನು ಅಂಗೈಯಿಂದ ಬಲವಾಗಿ ಕೆಳಕ್ಕೆ ಒತ್ತಿ ಹಿಡಿದು ಗುಂಡಿ ಒತ್ತಿದರೆ ಹತ್ತರಲ್ಲಿ ಎಂಟು ಸಲ ಕೊಂಡಿ ಬಿಡುತ್ತದೆ. ಸ್ಕ್ರೂಡ್ರೈವರ್ ತುರುಕಿ ಮೀಟುವುದಂತೂ ಬೇಡವೇ ಬೇಡ. ಅಂಚಿನ ಪ್ಲಾಸ್ಟಿಕ್ಕಿಗೆ ಒಮ್ಮೆ ಗಾಯವಾದರೆ ಆಮೇಲೆ ಎಂಥ ಬೀಡಿಂಗ್ (ನೀರು ತಡೆಯುವ ರಬ್ಬರ್ ಅಂಚುಪಟ್ಟಿ) ಹಾಕಿದರೂ ಅಲ್ಲಿಂದ ನೀರು ಒಳಗಿಳಿಯುವುದು ತಪ್ಪದು.

ಮುಚ್ಚಳದ ಒಳಗಿನ ಹೊದಿಕೆಯನ್ನು ಬಿಚ್ಚಿದಾಗ, ದೋಷ ಒಂದೇ ಕಡೆ ಇಲ್ಲವೆಂಬುದು ಸ್ಪಷ್ಟವಾಯಿತು. ಬಲ ಕೊಂಡಿಯ ಸುತ್ತ ಸುಣ್ಣದಂಥ ಬಿಳಿಪುಡಿ ಗಟ್ಟಿಯಾಗಿ ಕೂತಿತ್ತು. ಅದು ಅಲ್ಯೂಮಿನಿಯಮ್ಮಿನ ತುಕ್ಕು. ಕೇಬಲ್ಲಿನ ತುದಿಯಲ್ಲಿ, ಕೊಂಡಿಯ ಗೂಡಿಗೆ ಸಿಕ್ಕಿಸುವ ಲೋಹದ ಸಣ್ಣ ತಲೆಯಾದ ನಿಪ್ಪಲ್ಲಿನ ಬುಡಕ್ಕೇ ನಾಲ್ಕೈದು ಎಳೆಗಳು ಕಡಿದು ಮುಳ್ಳಿನಂತೆ ಎದ್ದಿದ್ದವು. ಒಂದು ಎಳೆ ಹೆಬ್ಬೆರಳಿಗೆ ಚುಚ್ಚಿದಾಗಲೇ ಅದು ನನ್ನ ಗಮನಕ್ಕೆ ಬಂದದ್ದು. ರಬ್ಬರ್ ಬೀಡಿಂಗ್ ಅಂಚಿಗೆ ಅಂಟಿಕೊಂಡಿತ್ತು. ಶಾಕರ್‌ನ ದಂಡದ ಮೇಲೆ ಎಣ್ಣೆಯ ಪಸೆಯಿತ್ತು, ಅಂದರೆ ಅದರ ಸೀಲು ಸೋತಿತ್ತು. ಈ ನಾಲ್ಕರಲ್ಲಿ ಯಾವುದನ್ನು ಸರಿಪಡಿಸಿದರೂ ಉಳಿದ ಮೂರು ದೋಷಗಳು ಹಾಗೆಯೇ ಇರುತ್ತವೆ. "ಎಣ್ಣೆ ಹಾಕಿದೆ, ಆದರೂ ಸರಿಹೋಗಲಿಲ್ಲ" ಎಂದು ಹೇಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

ಮೊದಲು ಕೊಂಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿಪುಡಿಯನ್ನು ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿದ ಮೇಲೆಯೇ ಪ್ರತಿಯೊಂದು ಪ್ರಯೋಗವನ್ನೂ ಮಾಡಿದೆ. ಎಲ್ಲ ಗ್ಯಾರೇಜುಗಳಲ್ಲೂ ಸಿಗುವ, ನೀರನ್ನು ಓಡಿಸಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಾಗ ಕೊಂಡಿ ಕೂಡಲೇ ಹಗುರಾಯಿತು. ಒಂಬತ್ತನೆಯ ದಿನ ಮತ್ತೆ ಬಿಗಿಯಿತು. ಆ ಸ್ಪ್ರೇಯ ಕೆಲಸ ಸಿಕ್ಕಿಕೊಂಡದ್ದನ್ನು ಬಿಡಿಸುವುದು. ಅದರ ಬಹುಭಾಗ ಆವಿಯಾಗಿ ಹೋಗಿ ಉಳಿಯುವ ಪೊರೆ ತೀರ ತೆಳು, ಜೊತೆಗೆ ಅದು ಇದ್ದ ಹಳೆಯ ಗ್ರೀಸನ್ನೂ ತೊಳೆದುಬಿಡುತ್ತದೆ. ಶುಚಿ ಮಾಡಲು ಅದನ್ನು ಬಳಸಿ, ಅದರ ಮೇಲೆಯೇ ನಂಬಿಕೆ ಇಟ್ಟು ಕೂರಬೇಡಿ.

ತೆಂಗಿನೆಣ್ಣೆ ನಮ್ಮ ಕಡೆ ಬಾಗಿಲ ಚಿಲಕದಿಂದ ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಹಚ್ಚುವ ವಸ್ತುವಾದ್ದರಿಂದ ಅದನ್ನೂ ಪರೀಕ್ಷಿಸಿದೆ. ಕಾರವಾರದಲ್ಲಿ ಅದು ಸ್ಪ್ರೇಗಿಂತ ಹೆಚ್ಚು ದಿನ ಬಂತು. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ಹೆಪ್ಪುಗಟ್ಟುತ್ತದೆ. ಶಿರಸಿಯ ಮನೆಗಳಲ್ಲಿ ಚಳಿಗಾಲದ ಬೆಳಿಗ್ಗೆ ಎಣ್ಣೆಯ ಬಾಟಲಿಯನ್ನು ಬಚ್ಚಲೊಲೆಯ ಪಕ್ಕದಲ್ಲಿಟ್ಟು ಕರಗಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಜನವರಿಯ ಒಂದು ಮುಂಜಾನೆ ಹೊರಡಲು ಸಿದ್ಧರಾಗಿ ನಿಂತಾಗ ಡಿಕ್ಕಿಯ ಎರಡೂ ಕೊಂಡಿಗಳು ಅಲ್ಲಾಡಲಿಲ್ಲ. "ಭಾವ, ಬಿಸಿನೀರು ಹೊಯ್ದು ನೋಡುವ" ಎಂದು ಹೆಂಡತಿಯ ತಮ್ಮ ತಂಬಿಗೆ ತಂದ. ಅರ್ಧ ತಂಬಿಗೆ ಹೊಯ್ಯುವಷ್ಟರಲ್ಲಿ ಕೊಂಡಿ ಬಿಟ್ಟಿತು. ತಿಂಗಳೆರಡು ಕಳೆದಾಗ ಅದೇ ಎಣ್ಣೆ ಧೂಳು ಹಿಡಿದು ಕಂದು ಅಂಟಾಗಿತ್ತು. ಅಡುಗೆಮನೆಯ ಎಣ್ಣೆಯನ್ನು ಯಂತ್ರಕ್ಕೆ ಹಾಕಬಾರದೆಂಬುದು ಆ ನಂತರ ನನ್ನ ದೃಢ ನಿಲುವು.

ಬಳಿಕ ಎರಡು ಗ್ರೀಸುಗಳನ್ನು ಒಂದೇ ದಿನ, ಮೇ ತಿಂಗಳ ಕೊನೆಯಲ್ಲಿ, ಎದುರುಬದುರಾಗಿ ಹಚ್ಚಿದೆ: ಎಡ ಕೊಂಡಿಗೆ ಬಿಳಿಯ ಲಿಥಿಯಂ ಗ್ರೀಸು, ಬಲ ಕೊಂಡಿಗೆ ಬೈತಖೋಲ ಬಂದರಿನ ಹತ್ತಿರದ ಅಂಗಡಿಯಲ್ಲಿ ಮೀನುಗಾರಿಕೆ ದೋಣಿಯವರು ಕೊಳ್ಳುವ ಕ್ಯಾಲ್ಸಿಯಂ ಗ್ರೀಸು. ಮೊದಲ ಮಳೆಯವರೆಗೆ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಲಿಥಿಯಂ ತುಸು ನಯವೆಂದೇ ಹೇಳಬೇಕು. ಜುಲೈ ನಡುವಿನಲ್ಲಿ ಹೊದಿಕೆ ಬಿಚ್ಚಿ ನೋಡಿದಾಗ ಎಡಬದಿಯ ಗ್ರೀಸು ನೀರು ಕುಡಿದು ಹಾಲಿನ ಕೆನೆಯಂತೆ ತೆಳುವಾಗಿ ಅಂಚಿಗೆ ಸರಿದಿತ್ತು, ಕೊಂಡಿಯ ಬಾಯಿ ಬೋಳಾಗಿತ್ತು. ಬಲಬದಿಯದು ಹಚ್ಚಿದ ಜಾಗದಲ್ಲೇ ಇತ್ತು, ಬೆರಳಿನಿಂದ ಒರೆಸಿದರೆ ಅಡಿಯ ಲೋಹ ಹೊಳೆಯುತ್ತಿತ್ತು. ಕ್ಯಾಲ್ಸಿಯಂ ಗ್ರೀಸು ಹೆಚ್ಚು ಬಿಸಿ ತಾಳುವುದಿಲ್ಲ, ಆದರೆ ನೀರಿಗೆ ಜಗ್ಗುವುದಿಲ್ಲ. ಡಿಕ್ಕಿಯ ಕೊಂಡಿಗೆ ಬಿಸಿಯೇ ಇಲ್ಲ, ಇರುವುದೆಲ್ಲ ನೀರು. ಕರಾವಳಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣಲಿಲ್ಲ.

ಬೀಗದ ಒಳಗೆ ಮಾತ್ರ ಗ್ರೀಸು ಬೇಡ. ಸಣ್ಣ ಪಿನ್ನುಗಳು ಅದರಲ್ಲಿ ಅಂಟಿಕೊಳ್ಳುತ್ತವೆ. ಅಲ್ಲಿ ಪೈಪೋಟಿ ಇರುವುದು ಗ್ರಾಫೈಟ್ ಪುಡಿಗೂ ಒಣ ಟೆಫ್ಲಾನ್ ಸ್ಪ್ರೇಗೂ. ಗ್ರಾಫೈಟ್ ಒಣ ಊರಿಗೆ ಒಳ್ಳೆಯದು. ಉಪ್ಪುನೀರಿನ ಪಸೆಯಿದ್ದಲ್ಲಿ ಅದು ಸತುವಿನ ಮಿಶ್ರಲೋಹದ ಬೀಗವನ್ನೂ ಅಲ್ಯೂಮಿನಿಯಮ್ಮನ್ನೂ ಬೇಗ ತುಕ್ಕು ತಿನ್ನುವಂತೆ ಮಾಡುತ್ತದೆ. ಕಾರವಾರದವರು ಟೆಫ್ಲಾನನ್ನೇ ಆರಿಸಿಕೊಳ್ಳುವುದು ಲೇಸು.

ಕೇಬಲ್ಲಿನ ವಿಷಯದಲ್ಲಿ ನನ್ನ ಮುಂದೆ ಮೂರು ದಾರಿಗಳಿದ್ದವು. ಹಳೆಯದಕ್ಕೇ ಎಣ್ಣೆ ಬಿಟ್ಟು, ಹೊಂದಿಸುವ ನಟ್ಟನ್ನು ತಿರುಗಿಸಿ ಸಡಿಲ ತೆಗೆಯುವುದು ಮೊದಲನೆಯದು. ಎಳೆ ಕಡಿಯದ ಕೇಬಲ್ಲಿಗೆ ಇಷ್ಟೇ ಸಾಕು, ಎಡ ಕೇಬಲ್ಲಿಗೆ ಸಾಕೂ ಆಯಿತು. ಬಲದ್ದು ಮಾತ್ರ ಎರಡು ವಾರದಲ್ಲಿ ಪೂರ್ತಿ ತುಂಡಾಯಿತು. ಎರಡನೆಯದು ಸೈಕಲ್ ಅಂಗಡಿಯ ಬ್ರೇಕ್ ತಂತಿ. ನನಗೆ ಬಿದ್ದದ್ದು 40 ರೂಪಾಯಿ. ಅದರ ನಿಪ್ಪಲ್ ಕೊಂಡಿಯ ಗೂಡಿಗೆ ಹೊಂದದ ಕಾರಣ ತಲೆ ಕತ್ತರಿಸಿ, ಸ್ಕ್ರೂ ಬಿಗಿಯುವ ನಿಪ್ಪಲ್ ಹಾಕಿದೆ. ಘಟ್ಟದ ರಸ್ತೆಯ ಕುಲುಕಾಟಕ್ಕೆ ಆ ಸ್ಕ್ರೂ ಎರಡು ಬಾರಿ ಸಡಿಲಗೊಂಡಿತು. ಆಮೇಲೆ ರೇಡಿಯೇಟರ್ ಬೆಸುಗೆ ಹಾಕುವವರಲ್ಲಿ ಹಿತ್ತಾಳೆಯ ನಿಪ್ಪಲ್ಲನ್ನು ಬೆಸೆಸಿದೆ. ತಂತಿಯ ತುದಿಯ ಎಳೆಗಳನ್ನು ನಿಪ್ಪಲ್ಲಿನ ಆಚೆ ಹೂವಿನಂತೆ ಅರಳಿಸಿ ಬೆಸುಗೆ ತುಂಬಿದರೆ ಅದು ಕಳಚಿ ಬರುವುದಿಲ್ಲವೆಂದು ಅವರೇ ಮಾಡಿ ತೋರಿಸಿದರು. ಅಂದಿನಿಂದ ಅದು ಅಲುಗಿಲ್ಲ. ಮೂರನೆಯದು ಕಂಪನಿಯ ಮೂಲ ಕೇಬಲ್. ಅದನ್ನು ತರಿಸಲು ಏಳು ವಾರ ಹಿಡಿಯಿತು, 3,800 ರೂಪಾಯಿ ಆಯಿತು. ಬಂದದ್ದನ್ನು ಎಡಬದಿಗೆ ಹಾಕಿದೆ. ಮೂಲ ಕೇಬಲ್ಲಿನ ಹೊರಕವಚದೊಳಗೆ ನುಣುಪಾದ ಪ್ಲಾಸ್ಟಿಕ್ ಪದರವಿರುವುದರಿಂದ ಗುಂಡಿ ಹಗುರವಾಗಿ ಹೋಗುತ್ತದೆ, ಅದಕ್ಕೆ ಎಣ್ಣೆಯ ಅಗತ್ಯವೂ ಬರಲಿಲ್ಲ. ಆದರೆ ಕೊಂಡಿ ತೆರೆಯುವ ಕೆಲಸದಲ್ಲಿ ಎರಡಕ್ಕೂ ಭೇದವಿಲ್ಲ. ಬೆಲೆಯ ಅಂತರವನ್ನು ನೋಡಿದರೆ, ಬೆಸುಗೆ ಹಾಕಿಸಿದ ಸೈಕಲ್ ತಂತಿಯನ್ನೇ ನಾನು ಶಿಫಾರಸು ಮಾಡುತ್ತೇನೆ. ಆದರೆ ಅದಕ್ಕೆ ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಹೋದ ಮೇಲೊಮ್ಮೆ ಎಣ್ಣೆ ಬಿಡುವುದನ್ನು ಮರೆಯಬಾರದು.

ಬೀಡಿಂಗಿನ ಮಾತು ಬೇಗ ಮುಗಿಯುತ್ತದೆ. ಟಾಲ್ಕಂ ಪುಡಿ ಮಳೆಗಾಲದಲ್ಲಿ ಹಿಟ್ಟಿನ ಅಂಟಾಯಿತು. ಹುಬ್ಬಳ್ಳಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಂಡು ತಂದ ಕಾರಿನ ಬೀಡಿಂಗ್ ಮೂಲದ್ದಕ್ಕಿಂತ ಎರಡು ಮಿಲಿಮೀಟರ್ ದಪ್ಪವಿದ್ದುದರಿಂದ ಮುಚ್ಚಳವನ್ನು ಮೇಲಕ್ಕೊತ್ತಿ ಕೊಂಡಿಯನ್ನು ಮತ್ತೆ ಬಿಗಿಯಾಗಿಸಿತು. ಹಳೆಯ ಬೀಡಿಂಗನ್ನೇ ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಸಿಲಿಕೋನ್ ಗ್ರೀಸನ್ನು ಬೆರಳಿಗೆ ಹತ್ತುವಷ್ಟೇ ತೆಳುವಾಗಿ ಸವರಿದ್ದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಇಂಥ ರಬ್ಬರಿಗೆ ಪೆಟ್ರೋಲಿಯಂ ಗ್ರೀಸು ಸೋಕಿದರೆ ಅದು ಉಬ್ಬುತ್ತದೆ. ಹಾಗಾಗಿ ಕೊಂಡಿಗೆ ಹಚ್ಚಿದ ಕೈಯಲ್ಲೇ ಬೀಡಿಂಗನ್ನು ಮುಟ್ಟಬಾರದು.

ಹೆಚ್ಚು ತಿಳಿವಳಿಕೆ ಬೇಡುವುದು ಶಾಕರ್. ಅದರೊಳಗೆ ಒತ್ತಡದಲ್ಲಿ ತುಂಬಿದ ನೈಟ್ರೋಜನ್ನೂ ಸೀಲು ಒಣಗದಂತೆ ಸ್ವಲ್ಪ ಎಣ್ಣೆಯೂ ಇರುತ್ತವೆ. ಬಲವನ್ನು ನ್ಯೂಟನ್ ಲೆಕ್ಕದಲ್ಲಿ ಕೊಳವೆಯ ಮೇಲೆ ಅಚ್ಚು ಹಾಕಿರುತ್ತಾರೆ. ಸುಮಾರು 10 ನ್ಯೂಟನ್ ಎಂದರೆ ಒಂದು ಕಿಲೋ ತೂಕ ಎತ್ತುವಷ್ಟು ಬಲ. ನನ್ನದರ ಮೇಲಿನ ಅಚ್ಚು ಅಳಿಸಿಹೋಗಿತ್ತಾದ್ದರಿಂದ ಲೆಕ್ಕ ಹಾಕಬೇಕಾಯಿತು. ಕ್ಯಾರಿಯರ್ ಸಮೇತ ಮುಚ್ಚಳ ಬಿಚ್ಚಿ ತೂಗಿದಾಗ 3.2 ಕಿಲೋ ಇತ್ತು. ಅದನ್ನು ಕೋಲಿನ ಮೇಲಿಟ್ಟು ತೂಕ ಸಮನಾಗಿ ನಿಲ್ಲುವ ಜಾಗ ಹುಡುಕಿದೆ. ಅದು ಕೀಲಿನಿಂದ 22 ಸೆಂಟಿಮೀಟರ್ ದೂರದಲ್ಲಿತ್ತು. ಶಾಕರ್ ನೂಕುವ ಗೆರೆ ಕೀಲಿನಿಂದ 6 ಸೆಂಟಿಮೀಟರ್ ದೂರದಲ್ಲಿ ಹಾಯುತ್ತದೆ. 3.2 ಅನ್ನು 22ರಿಂದ ಗುಣಿಸಿ 6ರಿಂದ ಭಾಗಿಸಿದರೆ ಹನ್ನೆರಡು ಕಿಲೋಗೆ ತುಸು ಕಡಿಮೆ, ಅಂದರೆ ಸುಮಾರು 115 ನ್ಯೂಟನ್.

ಹಾಗಿದ್ದೂ ಒಂದೇ ಉದ್ದದ 100, 150 ಮತ್ತು 200 ನ್ಯೂಟನ್‌ಗಳ ಮೂರನ್ನೂ ಹಾಕಿ ನೋಡಿದೆ. 100ರದ್ದು ಕಾರವಾರದ ಮಧ್ಯಾಹ್ನದಲ್ಲಿ ಮುಚ್ಚಳವನ್ನು ಕಷ್ಟಪಟ್ಟು ಹಿಡಿಯಿತು. ಶಿರಸಿಯ ಮುಂಜಾನೆ ಕೈಬಿಟ್ಟಿತು, ಏಕೆಂದರೆ ಚಳಿಯಲ್ಲಿ ಅನಿಲದ ಒತ್ತಡ ಇಳಿಯುತ್ತದೆ. 200ರದ್ದು ಮೊದಲ ದಿನ ನನಗೆ ಬಹಳ ಮೆಚ್ಚುಗೆಯಾಗಿತ್ತು, ಗುಂಡಿ ಒತ್ತಿದರೆ ಮುಚ್ಚಳ ತಾನಾಗಿ ಎದ್ದು ನಿಲ್ಲುತ್ತಿತ್ತು. ಮೂರನೆಯ ವಾರದಲ್ಲಿ ಬಲಗೀಲಿನ ಬುಡದ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಷ್ಟು ಬಿಳಿ ಗೀರು ಕಾಣಿಸಿತು. ಶಾಕರ್ ಒಂದೇ ಬದಿಗಿದ್ದರೆ ಹೆಚ್ಚಿನ ಬಲ ಮುಚ್ಚಳವನ್ನು ತಿರುಚುತ್ತದೆ. ಮುಚ್ಚಿದ ಸ್ಥಿತಿಯಲ್ಲೂ ಅದು ಕೀಲನ್ನು ನೂಕುತ್ತಲೇ ಇರುತ್ತದೆ, ಬಲಬದಿಯ ಕೊಂಡಿಯ ಮೇಲೆ ಒತ್ತಡ ಹಾಕುತ್ತದೆ. ಅಂದರೆ ಬಲಮೂಲೆ ಕಚ್ಚಿಕೊಳ್ಳುವ ಹಳೆಯ ಕಾಯಿಲೆಯನ್ನು ನಾನೇ ಮರಳಿ ಕರೆತಂದಿದ್ದೆ. 150ರದ್ದು ಮೊದಲ ಗೇಣಿನಷ್ಟು ಕೈಯ ನೆರವು ಕೇಳುತ್ತದೆ, ಅಲ್ಲಿಂದ ಮೇಲೆ ತಾನೇ ಎತ್ತುತ್ತದೆ, ಎರಡೂ ಊರುಗಳಲ್ಲಿ ನಿಲ್ಲುತ್ತದೆ. ಇದೇ ಸರಿಯಾದದ್ದು.

ಒಂದು ಕಡೆ ಹಳೆಯ ಶಾಕರ್‌ಗೇ ಗ್ಯಾಸ್ ತುಂಬಿಸಿಕೊಟ್ಟರು. ಸೀಲೇ ಸವೆದಿದ್ದಾಗ ಅದು ಎಷ್ಟು ದಿನ ನಿಂತೀತು? ಎರಡು ತಿಂಗಳಿಗೆ ಮತ್ತೆ ಸೋರಿತು. ಹಳೆಯದನ್ನು ಎಸೆಯುವಾಗ ಕೊರೆಯುವುದು, ಬೆಂಕಿಗೆ ಹಾಕುವುದು ಬಹಳ ಅಪಾಯ. ಮಕ್ಕಳ ಕೈಗೆ ಸಿಗದಂತೆ ಗುಜರಿಯವರಿಗೆ ಹೇಳಿಯೇ ಕೊಡಿ. ಹೊಸದನ್ನು ಕೂರಿಸುವಾಗ, ಮುಚ್ಚಳ ಮುಚ್ಚಿದ್ದಾಗ ತೆಳುವಾದ ದಂಡ ಕೆಳಮುಖವಾಗಿಯೂ ದಪ್ಪ ಕೊಳವೆ ಮೇಲೂ ಇರಬೇಕು. ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಹಸಿಯಾಗಿಡುತ್ತದೆ. ನನ್ನ ಬೈಕಿನಲ್ಲಿ ಮೊದಲಿದ್ದದ್ದನ್ನು ಯಾರೋ ತಲೆಕೆಳಗಾಗಿ ಹಾಕಿದ್ದರು. ಅದರ ಸೀಲು ಬೇಗ ಒಣಗಿದ್ದಕ್ಕೆ ಅದೇ ಕಾರಣವೆಂದು ನನ್ನ ನಂಬಿಕೆ. ಕರಾವಳಿಯಲ್ಲಿ ದಂಡದ ಮೇಲೆ ಕೂರುವ ಉಪ್ಪು ಸೀಲನ್ನು ಮರಳುಕಾಗದದಂತೆ ಉಜ್ಜುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಒದ್ದೆಬಟ್ಟೆಯಿಂದಲೂ ಆಮೇಲೆ ಒಣಬಟ್ಟೆಯಿಂದಲೂ ಒರೆಸುತ್ತೇನೆ.

ಈ ಮಳೆಗಾಲ ಕಳೆದ ಮೇಲೆ ಎರಡೂ ಮೂಲೆಗಳು ಒಟ್ಟಿಗೇ ಏಳುತ್ತಿವೆ. ಬಲಗೀಲಿನ ಪಿನ್ನು ಮಾತ್ರ ಸವೆದು, ಮುಚ್ಚಳ ಮುಚ್ಚುವಾಗ ಅಕ್ಕಿಕಾಳಿನಷ್ಟು ಎಡಕ್ಕೆ ವಾಲುತ್ತದೆ. ಅದಕ್ಕೆ ಅಂಗಡಿಯಲ್ಲಿ ಸಿಗುವ 304 ದರ್ಜೆಯ ಸ್ಟೇನ್‌ಲೆಸ್ ಪಿನ್ನಿನ ಬದಲು, ಮಾಲಿಬ್ಡಿನಮ್ ಬೆರೆತು ಉಪ್ಪಿಗೆ ಹೆಚ್ಚು ತಾಳುವ 316 ದರ್ಜೆಯ ಸರಳಿನಿಂದ ಪಿನ್ನು ಮಾಡಿಕೊಡಲು ಲೇತ್ ಕೆಲಸದವರಿಗೆ ಹೇಳಿದ್ದೇನೆ. ಹಳೆಯ ಪಿನ್ನು ಅಳತೆಗಾಗಿ ಈಗ ಅವರ ಬಳಿಯೇ ಇದೆ, ಮುಚ್ಚಳ ನನ್ನ ಜಗಲಿಯ ಮೇಲಿದೆ.